ಡಿಪೋ ಗೇಟಿನ ಮೀನು

ಬುಟ್ಟಿಬಲೆಯಲ್ಲಿ ಎತ್ತಿದ ಮೀನನ್ನು ಡಬಲ್ ಸರ್ ಅಂಗೈ ಮೇಲೆ ಮಲಗಿಸಿಕೊಂಡು, ಹಳೇ ಸ್ಕೂಟರ್ ಕೊಳ್ಳಲು ಬಂದವನ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಮೀನು ಬಾಲ ಬಡಿದು ಅವನ ಇಸ್ತ್ರಿ ಶರ್ಟಿನ ಮೇಲೆ ಕಂದು ನೀರು ಚಿಮ್ಮಿಸಿತು. ರೈಟಮ್ಮನಿಗೆ ಒಳಗೊಳಗೇ ಖುಷಿಯಾಯಿತು.

"ಸೈಜು ಬಂದಿದೆ," ಅಂದ ಅವನು, ಕರ್ಚೀಫಿನಲ್ಲಿ ಎದೆ ಒರೆಸಿಕೊಳ್ಳುತ್ತ. "ಆದ್ರೆ ಮಾರ್ಕೆಟ್ಟೇ ಬಿದ್ದುಹೋಗಿದೆಯಮ್ಮ. ಕಿಲೋಗೆ ತೊಂಬತ್ತು ಕೊಡ್ತೀನಿ."

"ತೊಂಬತ್ತಾ? ಮರಿ ಕೊಡುವಾಗ ನೂರ ನಲವತ್ತು ಅಂದಿದ್ರಿ. ನೀವೇ ಅಂದಿದ್ದು."

"ಅವತ್ತಿನ ಮಾತು ಅವತ್ತಿಗಾಯ್ತು."

"ನಂಗೇ ಕಿಲೋಗೆ ನೂರ ಹದಿನೈದು ಬಿದ್ದಿದೆ ಸರ್. ಮರಿ, ಫೀಡು, ಬೆಲ್ಲ, ಆ ನಿಮ್ಮ ಪುಡಿ. ಕರೆಂಟ್ ಒಂದು ಬಿಟ್ರೆ ಎಲ್ಲಾ ನಿಮ್ಮ ಅಂಗಡೀದೇ. ನಿಮಗೆ ಗೊತ್ತಿಲ್ದೇ ಇರೋದಾ?"

"ಗೊತ್ತಿರೋದಕ್ಕೇ ತೊಂಬತ್ತು. ಬೇರೆಯವರಿಗಾಗಿದ್ರೆ ಎಂಬತ್ತು ಅಂತಿದ್ದೆ." ಮೀನನ್ನು ನೀರಿಗೆ ಬಿಟ್ಟು ಕೈ ಕೊಡವಿದ. "ಯೋಚನೆ ಮಾಡಿ. ನಂಗೇನೂ ಅವಸರ ಇಲ್ಲ. ಮುಂದಿನ ವಾರ ಬರ್ತೀನಿ, ಇಲ್ಲಾಂದ್ರೆ ಅದರಾಚೆ ವಾರ. ಅಲ್ಲೀವರೆಗೂ ಇವು ತಿಂತಾ ಇರೋದು ಯಾರ ದುಡ್ಡು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ."

ಹಾಗೆಂದು ವ್ಯಾನು ಹತ್ತಿ ಹೊರಟೇಹೋದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಉರಿಯುವ ಸಂಗತಿ. ಮರಿಯಾಗಿದ್ದಾಗ ತಿಂದದ್ದೆಲ್ಲ ಮೀನಿನ ಮೈಗೆ ಹತ್ತುತ್ತದೆ. ಬೆಳೆದ ಮೇಲೆ ಚೀಲಗಟ್ಟಲೆ ತಿಂದರೂ ಬೆರಳಷ್ಟೂ ಬೆಳೆಯುವುದಿಲ್ಲ. ತೂಕಕ್ಕೆ ಬಂದ ಮೀನನ್ನು ಇಟ್ಟುಕೊಂಡಷ್ಟು ದಿನವೂ ನಷ್ಟವೇ. ಕೊಳ್ಳುವವನು ಒಬ್ಬನೇ ಇದ್ದು, ಅವನೂ ಕೈಕಟ್ಟಿ ಕುಳಿತರೆ, ಸಾಕಿದವರು ತಾವಾಗಿಯೇ ಹೋಗಿ ಅವನ ಕಾಲು ಹಿಡಿಯುತ್ತಾರೆ. ಡಬಲ್ ಸರ್ ಯಾರೊಂದಿಗೂ ಚೌಕಾಸಿ ಮಾಡಿದವನಲ್ಲ. ಅವನ ಪರವಾಗಿ ಆ ಕೆಲಸವನ್ನು ಮೀನಿನ ಹೊಟ್ಟೆಯೇ ಮಾಡಿಕೊಡುತ್ತಿತ್ತು.

ರೈಟಮ್ಮ ಬಸ್ ಕಂಡಕ್ಟರಾಗಿದ್ದವಳು. ಇಪ್ಪತ್ತಕ್ಕೂ ಹೆಚ್ಚು ವರ್ಷ "ರೈಟ್ ರೈಟ್" ಎಂದು ಕೂಗಿ ಕೂಗಿ ಅದೇ ಹೆಸರಾಗಿ ಅಂಟಿಕೊಂಡಿತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟು ಬೇರೆಲ್ಲೂ ಉಳಿಯಲಿಲ್ಲ. ತುಂಬಿದ ಬಸ್ಸಿನ ಹಿಂದಿನ ಬಾಗಿಲಿನಿಂದ ಅವಳು ಕೂಗಿದರೆ ಮುಂದಿನ ಬಾಗಿಲಲ್ಲಿ ನೇತಾಡುವವನು ಒಳಗೆ ಬರುತ್ತಿದ್ದ. ಕೊನೆಗೆ ಮೊಣಕಾಲು ಕೈಕೊಟ್ಟಿತು. ಅವಧಿಗೆ ಮೊದಲೇ ನಿವೃತ್ತಿ ಬರೆದುಕೊಟ್ಟಳು. ಕೈಗೆ ಒಂದು ಗಂಟು ಬಂತು.

ಆ ಗಂಟಿನ ವಾಸನೆ ಡಬಲ್ ಸರ್‌ಗೆ ಮೊದಲೇ ಬಡಿದಿತ್ತು. ಡಿಪೋದ ಕ್ಯಾಂಟೀನಿನಲ್ಲಿ ಅವನಿಗೊಂದು ಖಾಯಂ ಟೇಬಲ್ಲು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಯಾರು ಯಾವಾಗ ನಿವೃತ್ತರಾಗುತ್ತಾರೆ ಎಂಬುದು ಅವರ ಹೆಂಡಿರು ಮಕ್ಕಳಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಚಹಾ ತಾನೇ ಕೊಡಿಸುತ್ತಿದ್ದ. "ಜಮೀನು ಬೇಡ, ಕೆರೆ ಬೇಡ, ಮನೆ ಹಿಂದೆ ಒಂದಿಷ್ಟು ಜಾಗ ಸಾಕು. ಬಯೋಫ್ಲಾಕ್ ಟ್ಯಾಂಕು ಇಡಿ, ದುಡ್ಡು ಡಬಲ್," ಎನ್ನುತ್ತಿದ್ದ. ಟ್ಯಾಂಕು, ಮರಿ ತಾನೇ ಕೊಡುವುದು, ಫೀಡು ತಾನೇ ಕೊಡುವುದು, ಬೆಳೆದ ಮೀನನ್ನು ತಾನೇ ಕೊಳ್ಳುವುದು. ಕೇಳಿದವರಿಗೆ ಆಹಾ ಅನಿಸುತ್ತಿತ್ತು. ಬರುವ ದಾರಿಯೂ ಹೋಗುವ ದಾರಿಯೂ ಒಬ್ಬನದೇ ಆದರೆ ನಡುವೆ ಇರುವ ತಾವು ಏನಾಗುತ್ತೇವೆಂದು ಯಾರಿಗೂ ಹೊಳೆಯಲಿಲ್ಲ. ರೈಟಮ್ಮನಿಗೂ ಹೊಳೆಯಲಿಲ್ಲ, ಅವಳನ್ನೇನೂ ನಾನು ಈ ಮಾತಿನಿಂದ ಹೊರಗಿಡುವುದಿಲ್ಲ.

ಮನೆಯ ಹಿಂದೆ ಮುಚ್ಚಿಹೋದ ಟೈರ್ ಶೆಡ್ಡೊಂದಿತ್ತು. ಅದನ್ನು ಬಾಡಿಗೆಗೆ ಹಿಡಿದು, ಕಬ್ಬಿಣದ ಜಾಲರಿ ಸುತ್ತಿ, ದಪ್ಪ ಟಾರ್ಪಾಲು ಇಳಿಬಿಟ್ಟ ಮೂರು ದುಂಡು ಟ್ಯಾಂಕುಗಳನ್ನು ಇಟ್ಟಳು. ನೋಡಿದವರೆಲ್ಲ ಮೂಗು ಮುಚ್ಚಿಕೊಳ್ಳುವಂಥ ಕಂದು ನೀರು. ವಾಸನೆಯೇನೂ ಇರಲಿಲ್ಲ, ಬಣ್ಣ ನೋಡಿಯೇ ಮುಚ್ಚಿಕೊಳ್ಳುತ್ತಿದ್ದರು. ಆ ಬಣ್ಣವೇ ಈ ಬಯೋಫ್ಲಾಕ್ ಕಸುಬಿನ ಜೀವ. ಮೀನಿನ ಹೊಲಸನ್ನು ತಿನ್ನುವ, ಡಬಲ್ ಸರ್ ಕೊಡುವ ಪುಡಿಯಲ್ಲಿರುವ, ಕಣ್ಣಿಗೆ ಕಾಣದ ಜೀವಿಗಳು ಬೆಲ್ಲದ ನೀರು ಕುಡಿದು ಹೆಚ್ಚಿಕೊಂಡು, ಗಸಿಗಸಿಯಾಗಿ ಒಟ್ಟುಗೂಡಿ ತೇಲುತ್ತವೆ. ಆ ಗಸಿಯನ್ನು ಮೀನು ಮತ್ತೆ ತಿನ್ನುತ್ತದೆ. ನೀರು ಬದಲಿಸಬೇಕಿಲ್ಲ, ಆದರೆ ಗಾಳಿ ನಿಲ್ಲಬಾರದು. ಮೂಲೆಯಲ್ಲಿ ಬ್ಲೋವರ್ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಮೊದಮೊದಲು ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ, ಆಮೇಲೆ ಅದು ನಿಂತರೆ ಎಚ್ಚರವಾಗುತ್ತಿತ್ತು.

ಅವಳ ಗಂಡ ಅಂಗಡಿ ಬೋರ್ಡುಗಳಿಗೆ ಬಣ್ಣ ಹಾಕುವ ಪೇಂಟರು. ಎಲ್ಲ ಅಂಗಡಿಗಳೂ ಪ್ರಿಂಟಾದ ಬೋರ್ಡು ನೇತುಹಾಕಿಕೊಂಡ ಮೇಲೆ ಅವನ ಕುಂಚಕ್ಕೆ ಕೆಲಸ ಕಮ್ಮಿಯಾಗಿತ್ತು. ಇರುವೆ ಕಂಡರೂ ಸುತ್ತುಹಾಕಿ ನಡೆಯುವ ಮೆದು ಮನಸ್ಸಿನ ಮನುಷ್ಯ. ಹೆಂಡತಿಗೆ ಎದುರಾಡಿದ್ದನ್ನು ಬೀದಿಯವರು ಯಾರೂ ಕಂಡಿಲ್ಲ.

"ಕೊಟ್ಬಿಡೇ," ಅಂದ ಅವನು ವ್ಯಾನು ಹೋದ ಮೇಲೆ. "ತೊಂಬತ್ತಾದ್ರೂ ತೊಂಬತ್ತು. ಕೈ ತೊಳ್ಕೊಂಡು ಬಿಡೋಣ."

"ನಷ್ಟಕ್ಕೆ ಕೊಟ್ಟು ಕೈ ತೊಳ್ಕೋಬೇಕಾ? ಸುಮ್ನಿರಿ."

ಅವನು ಕುಂಚ ತೊಳೆಯಲು ಹೋದ.

ಆ ವಾರವೇ ಒಂದು ಟ್ಯಾಂಕಿನ ಟಾರ್ಪಾಲು ಮೇಲಂಚಿನಲ್ಲಿ ಹರಿದು ಜೋಲತೊಡಗಿತು. ಹಗ್ಗ ಕಟ್ಟುವ ತೂತುಗಳ ಪಟ್ಟಿಯೇ ಕಿತ್ತು ಬರುತ್ತಿತ್ತು. ಹೊಲಿಯಲು ಪಕ್ಕದ ಬೀದಿಯ ದರ್ಜಿಯನ್ನು ಕರೆದಳು. ಅವನು ಹಿಂದೆ ಇದೇ ಮೀನು ಸಾಕಣೆ ಮಾಡಿ, ಕೈ ಸುಟ್ಟುಕೊಂಡು, ಮತ್ತೆ ಹೊಲಿಗೆ ಯಂತ್ರಕ್ಕೆ ಮರಳಿದವನು. ಟ್ಯಾಂಕು ಎಂದರೆ ಮುಖ ಸಿಂಡರಿಸುತ್ತಿದ್ದ. "ತಂಗೀ, ಬೇರೆ ಏನು ಬೇಕಾದ್ರೂ ಹೇಳು, ಅದನ್ನ ಮಾತ್ರ ತೋರಿಸ್ಬೇಡ," ಅಂದ. ಆದರೂ ದಪ್ಪ ಸೂಜಿ, ನೈಲಾನ್ ದಾರ ಹಿಡಿದು ಬಂದ.

ಮಾರುವ ಮೊದಲೇ ಅಂಚಿನ ಸುತ್ತ ಹೊಸ ನೀಲಿ ಪಟ್ಟಿ ಹೊಡೆದಿದ್ದರು. ಅದನ್ನು ಬಿಚ್ಚಿ ಮಡಿಕೆ ತಿರುಗಿಸಿದವನು ಹಾಗೇ ನಿಂತುಬಿಟ್ಟ. ಬೆರಳಿನಿಂದ ಮೆಲ್ಲಗೆ ಸವರಿದ.

"ಏನಣ್ಣ? ಸರಿಹೋಗಲ್ವಾ?"

"ಇದು ನನ್ನ ಹೊಲಿಗೆ," ಅಂದ ದರ್ಜಿ.

"ಏನು?"

"ನನ್ನ ಹೊಲಿಗೆ ತಂಗೀ. ಎರಡು ಸಲ ಹಿಂದಕ್ಕೆ ಬಂದು ಒಂದು ಸಲ ಮುಂದಕ್ಕೆ ಹೋಗೋದು, ನಮ್ಮಪ್ಪ ಕಲಿಸಿದ್ದು. ಈ ಊರಲ್ಲಿ ಇನ್ಯಾರೂ ಹೀಗೆ ಹೊಲಿಯಲ್ಲ. ಇದು ನನ್ನ ಟ್ಯಾಂಕು. ನಾನೇ ಹಾಕಿದ ತೇಪೆ."  ತೇಪೆಯ ಒಂದು ಮೂಲೆ ಎತ್ತಿ, ಅದರ ಕೆಳಗೆ ಇನ್ನೊಂದು ತೇಪೆ ತೋರಿಸಿದ. ಹಳದಿ ದಾರ, ಒಡ್ಡೊಡ್ಡಾದ ಹೊಲಿಗೆ. "ಇದು ನಂದಲ್ಲ. ನಂಗೂ ಹೊಸದು ಅಂತಾನೇ ಕೊಟ್ಟಿದ್ದ ಡಬಲ್ ಸರ್. ನೀಲಿ ಪಟ್ಟಿ ಹೊಡೆದು."

ರೈಟಮ್ಮ ಬ್ಲೋವರ್ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅವಳು ಹೊಸ ಟ್ಯಾಂಕಿನ ಪೂರ್ತಿ ಬೆಲೆ ಕೊಟ್ಟಿದ್ದಳು. ದರ್ಜಿಯೂ ಕೊಟ್ಟಿದ್ದ. ಹಳದಿ ದಾರದವರು ಯಾರೋ, ಅವರೂ ಕೊಟ್ಟಿರಬೇಕು. ಮೀನು ಬೆಳೆದಾಗ ರೇಟು ಬೀಳುವುದು, ಸಾಕಿದವರು ಸೋತು ಕೈಬಿಡುವುದು, ಆಗ ಡಬಲ್ ಸರ್ ದೊಡ್ಡ ಮನಸ್ಸು ಮಾಡಿ ಟ್ಯಾಂಕು, ಬ್ಲೋವರನ್ನು ಗುಜರಿ ಬೆಲೆಗೆ ಎತ್ತಿಕೊಂಡು ಹೋಗುವುದು, ಕ್ಯಾಂಟೀನಿನಲ್ಲಿ ಮತ್ತೊಬ್ಬರಿಗೆ ಚಹಾ ಕೊಡಿಸುವುದು. ಇಷ್ಟೇ ಅವನ ಕಸುಬು. ಮೀನು ಅದರಲ್ಲಿ ಒಂದು ನೆಪ.

"ಅವನು ಸಾಕ್ತಿರೋದು ಮೀನನ್ನಲ್ಲ ಅಣ್ಣ," ಅಂದಳು. "ನಮ್ಮನ್ನ."

ದರ್ಜಿ ಹರಿದ ಅಂಚು ಹೊಲಿದು ಮುಗಿಸಿದ. ಕೂಲಿ ತೆಗೆದುಕೊಳ್ಳಲಿಲ್ಲ. ರೈಟಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು, ಜೊತೆಗೆ ನಾಚಿಕೆಯೂ ಆಗಿತ್ತು. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳು ಇವನನ್ನು ಹಿಡಿಯಲಾರದೆ ಹೋದಳಲ್ಲ. ಒಂದಂತೂ ಆಗಲೇ ನಿಶ್ಚಯವಾಯಿತು. ಈ ಮೂರು ಟ್ಯಾಂಕು ಅವನ ವ್ಯಾನು ಹತ್ತಕೂಡದು. ಲಾಭವಾಗಲಿ, ನಷ್ಟವಾಗಲಿ, ನಾಲ್ಕನೆಯ ಮನೆಗೆ ಹೊಸದೆಂದು ಇವು ಹೋಗಕೂಡದು.

ಸಿಟ್ಟು ಬಂದರೆ ಸಾಲದು, ಮೀನಿನ ಹೊಟ್ಟೆಗೆ ಏನಾದರೂ ದಾರಿ ಹುಡುಕಬೇಕಿತ್ತು. ಹುಡುಕುವಾಗ ಅವಳಿಗೆ ಡಬಲ್ ಸರ್‌ನ ಮಾತೇ ನೆನಪಾಯಿತು. ಟ್ಯಾಂಕು ಮಾರುವ ದಿನ "ಈ ನೀರೇ ಅರ್ಧ ಊಟ" ಎಂದಿದ್ದ. ಫೀಡು ಮಾರುವಾಗ ಮಾತ್ರ ಪೂರ್ತಿ ಊಟದ ಲೆಕ್ಕ ಬರೆದುಕೊಟ್ಟಿದ್ದ. ಎರಡೂ ಮಾತು ಒಂದೇ ಬಾಯಿಂದ ಬಂದಿದ್ದರಲ್ಲಿ ಒಂದಾದರೂ ಸುಳ್ಳಿರಬೇಕು. ಮಾರನೆಯ ದಿನದಿಂದ ಫೀಡಿನ ಚೀಲದ ಬಾಯಿ ಕಟ್ಟಿದಳು. ಮೂರು ದಿನಕ್ಕೊಮ್ಮೆ ಒಂದು ಹಿಡಿ, ಅಷ್ಟೇ.

ಮೀನುಗಳು ಅವಳ ಹೆಜ್ಜೆ ಸದ್ದಿಗೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಒಂದು ಟ್ಯಾಂಕಿನ ತುಂಬ ದುಂಡು ಬಾಯಿಗಳು. ನೋಡಲು ಕಷ್ಟವಾಗುತ್ತಿತ್ತು. ಆದರೆ ಏನೂ ಸಿಗದೆ ಅವು ಮತ್ತೆ ಕೆಳಗಿಳಿದು ಗಸಿ ಮೇಯತೊಡಗಿದವು. ಬೆಳೆಯಲಿಲ್ಲ, ಸೊರಗಲೂ ಇಲ್ಲ. ಅಷ್ಟು ದಿನ ಅವಳು ಸುರಿದ ಚೀಲಗಳಲ್ಲಿ ಎಷ್ಟು ಚೀಲ ಬೇಕಿತ್ತು, ಎಷ್ಟು ಬೇಡವಾಗಿತ್ತು ಎಂದು ಎಣಿಸಹೋಗಿ, ಮೈ ಪರಚಿಕೊಳ್ಳುವಂತಾಗಿ, ಎಣಿಸುವುದನ್ನೇ ಬಿಟ್ಟಳು. ಈಗ ಕರೆಂಟಿನ ಖರ್ಚು ಮಾತ್ರ ನಿಲ್ಲಲಿಲ್ಲ. ಅದಕ್ಕೆ ಹೊಟ್ಟೆ ಕಟ್ಟಲು ಬರುವುದಿಲ್ಲ.

ಇನ್ನು ಮಾರುವ ಮಾತು. ಡಿಪೋದ ಒಬ್ಬ ಮೆಕ್ಯಾನಿಕ್ ಹಳೇ ವಿಶ್ವಾಸಕ್ಕೆ ಎರಡು ಕಿಲೋ ಒಯ್ದ. ಮಾರನೆಯ ದಿನ ಅವನೇ ಬಂದು ತಲೆ ಕೆರೆದುಕೊಂಡ.

"ಬೇಜಾರು ಮಾಡ್ಕೋಬೇಡಿ ರೈಟಮ್ಮ. ಮನೇಲಿ ಯಾರೂ ತಿನ್ಲಿಲ್ಲ. ಮಣ್ಣು ತಿಂದಂಗಾಯ್ತು."

ಅವಳು ಅವನ ದುಡ್ಡು ವಾಪಸ್ ಕೊಟ್ಟಳು. ಅವನು ಬೇಡವೆಂದರೂ ಜೇಬಿಗೆ ತುರುಕಿದಳು. ಆಮೇಲೆ ತಾನೇ ಒಂದು ಮೀನು ಬೇಯಿಸಿ ತಿಂದಳು. ಮಣ್ಣೇ. ಇಷ್ಟು ತಿಂಗಳು ಸಾಕಿ ಒಂದು ಸಲವೂ ತಿಂದು ನೋಡಿರಲಿಲ್ಲ! ತೂಕಕ್ಕೆ ಮಾರುವವರಿಗೆ ನಾಲಗೆಯ ನೆನಪೇ ಬರುವುದಿಲ್ಲ. ಡಬಲ್ ಸರ್ ಎಂದೂ ರುಚಿಯ ಮಾತೆತ್ತಿದವನಲ್ಲ, ಅವನು ಕೊಳ್ಳುವುದು ಕಿಲೋವನ್ನು, ಮೀನನ್ನಲ್ಲ.

ದಾರಿ ಹೇಳಿದವನು ದರ್ಜಿ. ಅವನ ಕಾಲದಲ್ಲಿ ಒಬ್ಬ ಹೋಟೆಲ್ ಅಡಿಗೆಯವನು ಹೇಳಿದ್ದನಂತೆ: ತಿನ್ನುವ ಮೊದಲು ಮೀನನ್ನು ಕೆಲವು ದಿನ ತಿಳಿನೀರಿನಲ್ಲಿ ಬರಿಹೊಟ್ಟೆಯಲ್ಲಿಡಬೇಕು, ಆಗ ಮಣ್ಣಿನ ರುಚಿ ಬಿಡುತ್ತದೆ, ಸ್ವಲ್ಪ ತೂಕವೂ ಇಳಿಯುತ್ತದೆ.

"ತೂಕ ಇಳಿದ್ರೆ ನಷ್ಟ ಅಲ್ವೇನೇ?" ಅಂದ ಗಂಡ.

"ತೂಕ ಇಳಿದ್ರೆ ನಾಲ್ಕು ಕಾಸು ನಷ್ಟ. ರುಚಿ ಕೆಟ್ರೆ ಗಿರಾಕಿ ನಷ್ಟ. ಯಾವುದು ಬೇಕು?"

ಶೆಡ್ಡಿನ ಮೂಲೆಯಲ್ಲಿ, ಹಿಂದೆ ಪಂಕ್ಚರ್ ಹುಡುಕಲು ಟ್ಯೂಬು ಮುಳುಗಿಸುತ್ತಿದ್ದ ಉದ್ದನೆಯ ಸಿಮೆಂಟ್ ತೊಟ್ಟಿಯಿತ್ತು. ಅದನ್ನು ತಿಕ್ಕಿ ತೊಳೆದು, ತಿಳಿನೀರು ತುಂಬಿ, ಬ್ಲೋವರಿನಿಂದ ಒಂದು ಕೊಳವೆ ಎಳೆದು ಗಾಳಿ ಬಿಟ್ಟರು. ಮೊದಲ ಕಂತಿನ ಮೀನು ಅದಕ್ಕೆ ಇಳಿಯಿತು. ಕಂದು ನೀರಿನಲ್ಲಿ ಬರೀ ಬಾಯಿಗಳಾಗಿದ್ದ ಮೀನುಗಳು ಇಲ್ಲಿ ಮೈ, ರೆಕ್ಕೆ, ಕಣ್ಣು ಎಲ್ಲ ಸಹಿತ ಕಾಣತೊಡಗಿದವು. ಅಲ್ಲೇ ಎಡವಟ್ಟಾಯಿತು.

ಯಾಕೆಂದರೆ ಪೇಂಟರಿಗೂ ಅವು ಕಾಣತೊಡಗಿದ್ದವು. ಹೆಂಡತಿ ಮಾರುಕಟ್ಟೆಗೆ ಹೋದಾಗ ತೊಟ್ಟಿಯ ಅಂಚಿನಲ್ಲಿ ಕೂತರೆ, ಮೀನುಗಳು ಬಂದು ಅವನ ಬೆರಳಿಗೆ ಬಾಯಿ ತಾಗಿಸುತ್ತಿದ್ದವು. ಎರಡು ದಿನ ತಡೆದುಕೊಂಡ. ಮೂರನೆಯ ಸಂಜೆ ಚೀಲದ ಬಾಯಿ ಬಿಚ್ಚಿ ಮೊಗೆದು ಹಾಕಿದ, ಅವು ಮುಗಿಬಿದ್ದು ತಿಂದವು, ಮತ್ತೂ ಹಾಕಿದ. ತಿಳಿನೀರಿನಲ್ಲಿ ಹೊಲಸನ್ನು ತಿನ್ನುವ ಗಸಿ ಇಲ್ಲವೆಂಬುದು ಪಾಪ ಅವನಿಗೆ ಹೊಳೆಯಲಿಲ್ಲ. ತಿನ್ನದೇ ಉಳಿದದ್ದು, ತಿಂದು ಹಾಕಿದ್ದು, ಎಲ್ಲವೂ ನೀರಿನಲ್ಲಿ ಕೊಳೆತು ವಿಷವಾಯಿತು.

ಬೆಳಿಗ್ಗೆ ರೈಟಮ್ಮ ಶೆಡ್ಡಿನ ಬಾಗಿಲು ತೆಗೆದಾಗ ತೊಟ್ಟಿಯ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಉಳಿದ ಕೆಲವು ಮೂಲೆಯಲ್ಲಿ ಗಾಳಿಗಾಗಿ ಬಾಯಿ ಬಡಿಯುತ್ತಿದ್ದವು. ಅವಳ ಬಾಯಿಂದ ಹೊರಟ ಕೂಗಿಗೆ ಎರಡು ಬೀದಿ ಎದ್ದಿತು. ಬದುಕಿದ್ದವನ್ನು ಬರಿಗೈಯಲ್ಲಿ ಹಿಡಿಹಿಡಿದು ಹೊಸ ನೀರಿನ ಡ್ರಮ್ಮಿಗೆ ಹಾಕಿದಳು. ಸತ್ತವನ್ನು ಬುಟ್ಟಿಗೆ ತುಂಬುವಷ್ಟರಲ್ಲಿ, ಹೇಳಿ ಕಳಿಸಿದ ಹಾಗೆ, ಡಬಲ್ ಸರ್‌ನ ವ್ಯಾನು ಬಂದು ನಿಂತಿತು.

ಅವನು ಬುಟ್ಟಿ ನೋಡಿದ. ಚು ಚು ಎಂದ.

"ಹೇಳಿದ್ನಲ್ಲಮ್ಮ. ಇದು ಎಲ್ಲರ ಕೈಲಿ ಆಗೋ ಕೆಲಸ ಅಲ್ಲ. ಈಗ ಎಂಬತ್ತು. ಟ್ಯಾಂಕು, ಬ್ಲೋವರ್ ಎಲ್ಲಾ ನಾನೇ ಎತ್ಕೊಂಡು ಹೋಗ್ತೀನಿ, ಹಳೇ ಪರಿಚಯ ಅಂತ. ನಿಮಗೂ ವಯಸ್ಸಾಯ್ತು, ಮೊಣಕಾಲು ಬೇರೆ..."

"ಮೊಣಕಾಲು ನಂದು ಸರ್. ಅದರ ಸುದ್ದಿ ಬಿಡಿ." ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ದರ್ಜಿ ಹೊಲಿದ ಟ್ಯಾಂಕಿನ ಅಂಚು ಹಿಡಿದಳು. "ಇಲ್ಲಿ ಬನ್ನಿ. ಈ ತೇಪೆ ನೋಡಿ. ಇದು ಪಕ್ಕದ ಬೀದಿ ದರ್ಜಿ ಅಣ್ಣಂದು. ಅದರಡಿ ಇನ್ನೊಂದಿದೆ, ಅದು ಯಾರ್ದು ಹೇಳಿ, ನೀವೇ ಹೇಳಬೇಕು. ಎಷ್ಟು ಮನೆ ಸುತ್ತಿಸಿದೀರಿ ಇದನ್ನ?"

ಡಬಲ್ ಸರ್ ತೇಪೆಯಿಂದ ಕಣ್ಣು ಕಿತ್ತ. ಆಮೇಲೆ ನಕ್ಕ. "ವ್ಯಾಪಾರ ಅಂದ್ಮೇಲೆ ಇವೆಲ್ಲ ಇದ್ದಿದ್ದೇ. ಮುಂದಿನ ವಾರ ನೀವೇ ಫೋನ್ ಮಾಡ್ತೀರ."

"ಮಾಡಲ್ಲ," ಅಂದಳು ರೈಟಮ್ಮ. "ಹಿಂದೆ ನೋಡ್ಕೊಂಡು ವ್ಯಾನ್ ತಿರುಗಿಸಿ. ಗೋಡೆ ಇದೆ."

ಅವನು ಹೋದ ಮೇಲೆ ಅವಳು ಸತ್ತ ಮೀನಿನ ಬುಟ್ಟಿ ಎತ್ತಿಕೊಂಡಳು. ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತಿದ್ದ ಗಂಡ ಹೊರಬಂದು, ತಾನೇ ಫೀಡು ಹಾಕಿದ್ದೆಂದು ಒಪ್ಪಿಕೊಂಡ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಬಯ್ಯಲು ಅವಳ ಬಾಯಲ್ಲಿ ಮಾತು ತುಂಬಿತ್ತು. ಬಸ್ಸಿನಲ್ಲಿ ಕಲಿತದ್ದು, ಸಾಲು ಸಾಲಾಗಿ. ಆದರೆ ಆ ಮುಖ ನೋಡಿ ಒಂದೂ ಹೊರಬರಲಿಲ್ಲ. ಸತ್ತ ಮೀನಿನ ಸಂಕಟ, ಹುಚ್ಚು ಮನುಷ್ಯನ ಮೇಲಿನ ಅಕ್ಕರೆ, ಎರಡೂ ಒಟ್ಟಿಗೇ ಬಂದವು.

"ಅವಕ್ಕೆ ಹಸಿವಾಗಿತ್ತು ಕಣೇ," ಅಂದ.

"ಗೊತ್ತು. ಇನ್ಮೇಲೆ ಹಸಿವಾದ್ರೆ ನಂಗೆ ಹೇಳಿ ಅಂತ ಅವಕ್ಕೆ ಹೇಳಿ."

ಆಮೇಲೆ ಅವಳು ಅವನಿಗೊಂದು ಬೋರ್ಡು ಬರೆಯುವ ಕೆಲಸ ಕೊಟ್ಟಳು. ಹಲಗೆಯೊಂದಕ್ಕೆ ಬಿಳಿ ಬಣ್ಣ ಬಳಿದು ಒಣಗಿಸಿ, ಅವನು "ತಾಜಾ ಮೀನು" ಎಂದು ಬರೆಯಲೇ ಎಂದು ಕೇಳಿದ. ಬೇಡ ಎಂದಳು. ಬಸ್ಸಿನೊಳಗೆ ಯಾವ ಸ್ಟಾಪಿಗೆ ಎಷ್ಟು ಎಂದು ದರಪಟ್ಟಿ ಹಾಕಿರುತ್ತದಲ್ಲ, ಹಾಗೆ ಬರೆಯಬೇಕು ಎಂದಳು. ಒಂದು ಕಿಲೋ ಮೀನಿಗೆ ಮರಿ ಇಷ್ಟು, ಫೀಡು ಇಷ್ಟು, ಬೆಲ್ಲ ಮತ್ತು ಪುಡಿ ಇಷ್ಟು, ಕರೆಂಟು ಇಷ್ಟು, ಟ್ಯಾಂಕು ಸವೆದದ್ದು ಇಷ್ಟು.

"ಸತ್ತಿದ್ದನ್ನೂ ಬರೀರಿ," ಅಂದಳು.

ಅವನು ತಲೆ ತಗ್ಗಿಸಿ "ಸತ್ತದ್ದು" ಎಂದು ಬರೆದ. ಅವನ ಅಕ್ಷರ ಎಂದಿನಷ್ಟೇ ದುಂಡಗಿತ್ತು.

"ನನ್ನ ಕೂಲಿ. ನಿಮ್ಮ ಕೂಲಿ."

"ಅದೂನಾ? ಡಬಲ್ ಸರ್ ಲೆಕ್ಕದಲ್ಲಿ ಅದು ಇರ್ಲಿಲ್ಲ."

"ಇರ್ಲಿಲ್ಲ ಅಂತಾನೇ ಬರೀರಿ ಅಂತಿರೋದು. ನಾವಿಬ್ರೂ ಪುಕ್ಕಟೆ ಅಂತ ಲೆಕ್ಕ ಹಾಕಿದ್ರೆ ಯಾರ ದುಡ್ಡು ಬೇಕಾದ್ರೂ ಡಬಲ್ ಆಗುತ್ತೆ."

ಎಲ್ಲ ಕೂಡಿಸಿದಾಗ ನೂರ ಐವತ್ತಾಯಿತು. ಮೇಲೆ ಹತ್ತು ಲಾಭ. ಕೊನೆಯ ಸಾಲಿನಲ್ಲಿ ಕೆಂಪು ಬಣ್ಣದಲ್ಲಿ: ಮಾರುವುದು ನೂರ ಅರವತ್ತಕ್ಕೆ.

ತಿಳಿನೀರಿನಲ್ಲಿ ಹೊಸ ಕಂತು ಸಿದ್ಧವಾಗಲು ಕೆಲವು ದಿನ ಹಿಡಿಯಿತು. ಈ ಸಲ ಫೀಡಿನ ಚೀಲ ಅವಳ ಮಂಚದ ಕೆಳಗಿತ್ತು. ಒಂದನ್ನು ಬೇಯಿಸಿ ಮೊದಲು ದರ್ಜಿಗೆ ಕೊಟ್ಟಳು. ಅವನು ತಿಂದು, ಬೆರಳು ನೆಕ್ಕಿ, "ಅಯ್ಯೋ, ಇದು ಮೀನು," ಎಂದ. ಬೇರೆ ಹೊಗಳಿಕೆ ಬೇಕಿರಲಿಲ್ಲ.

ಡಿಪೋದಲ್ಲಿ ಯಾವ ಪಾಳಿ ಯಾವಾಗ ಬಿಡುತ್ತದೆ, ಯಾವ ದಿನ ಕೈಯಲ್ಲಿ ಕಾಸಿರುತ್ತದೆ, ಇವೆಲ್ಲ ರೈಟಮ್ಮನಿಗೆ ಅಂಗೈ ಗೆರೆಯಷ್ಟು ಗೊತ್ತು. ಮಧ್ಯಾಹ್ನದ ಪಾಳಿ ಬಿಡುವ ಹೊತ್ತಿಗೆ ಗಂಡ ಬಣ್ಣದ ಡಬ್ಬಿ ಒಯ್ಯುತ್ತಿದ್ದ ತಳ್ಳುಗಾಡಿಯ ಮೇಲೆ ನೀರಿನ ಡ್ರಮ್ಮು, ಬ್ಯಾಟರಿಯಲ್ಲಿ ಗುಳುಗುಳು ಎನ್ನುವ ಗಾಳಿ ಯಂತ್ರ, ತಕ್ಕಡಿ, ಆ ಹಲಗೆ, ಎಲ್ಲ ಗೇಟಿನ ಎದುರು ಬಂದು ನಿಂತವು. ಅವಳು ಕೂಗಿದಳು. ನಿವೃತ್ತಿಯಾದ ಮೇಲೆ ಮೊದಲ ಸಲ ಆ ಗಂಟಲು ಪೂರ್ತಿ ತೆರೆಯಿತು. ಕೂಗಿ ಮುಗಿದಾಗ ಅವಳಿಗೆ ಎಷ್ಟೋ ದಿನದ ಮೈಭಾರ ಇಳಿದಂತಾಗಿತ್ತು.

ಜನ ಬಂದರು. ಜೀವಂತ ಮೀನು ನೋಡಲು ಬಂದವರು ಹಲಗೆ ಓದುತ್ತ ನಿಂತರು. "ಇದೇನು ರೈಟಮ್ಮ, ಲಾಭಾನೂ ಬರ್ದಿದೀರಾ!" ಎಂದು ನಕ್ಕರು. ಮುಂದಿನ ತಿಂಗಳು ನಿವೃತ್ತನಾಗಲಿದ್ದ ಡ್ರೈವರೊಬ್ಬ ಮಾತ್ರ ನಗಲಿಲ್ಲ. ಬಹಳ ವರ್ಷ ಅವಳ ಬಸ್ಸನ್ನೇ ಓಡಿಸಿದವನು. ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದ.

"ಇದರಲ್ಲಿ ಡಬಲ್ ಎಲ್ಲಿದೆ?" ಎಂದು ಕೇಳಿದ.

"ಕ್ಯಾಂಟೀನಲ್ಲಿದೆ. ನಿಮಗೂ ಚಹಾ ಕೊಡಿಸಿದ್ನಾ?"

"ಮೂರು ಸಲ. ನಾಳಿದ್ದು ಮುಂಗಡ ಕೊಡ್ತೀನಿ ಅಂದಿದ್ದೆ."

"ಮೀನು ಸಾಕ್ಬೇಡಿ ಅಂತ ನಾನು ಹೇಳಲ್ಲ ಅಣ್ಣ. ತಿನ್ನೋರನ್ನ ಮೊದಲು ಹುಡುಕಿ, ಆಮೇಲೆ ಮರಿ ತನ್ನಿ. ನಾನು ಉಲ್ಟಾ ಮಾಡಿದೆ."

ಅಂದು ಡ್ರಮ್ಮು ಖಾಲಿಯಾಯಿತು. ಸುದ್ದಿ ಡಬಲ್ ಸರ್‌ಗೆ ತಲುಪಲು ಸಂಜೆಯವರೆಗೂ ಬೇಕಾಗಲಿಲ್ಲ.

ಮಾರನೆಯ ದಿನ ಗೇಟಿನ ಇನ್ನೊಂದು ಪಕ್ಕದಲ್ಲಿ ಅವನ ವ್ಯಾನು ನಿಂತಿತ್ತು. ಐಸಿನ ಪೆಟ್ಟಿಗೆಗಳಲ್ಲಿ ಮೀನು, ಕಿಲೋಗೆ ಎಂಬತ್ತು. ಜನ ಅತ್ತ ಹರಿದರು, ಯಾಕೆ ಹರಿಯಬಾರದು? ಅರ್ಧ ಬೆಲೆ. ರೈಟಮ್ಮನ ಡ್ರಮ್ಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀನು ಉಳಿದೇ ಹೋಯಿತು. ಪೇಂಟರನ ಮುಖ ಸಣ್ಣದಾಯಿತು. ಆದರೆ ಬಿಸಿಲು ಏರುತ್ತಿದ್ದಂತೆ ಅವಳು ಒಂದನ್ನು ಗಮನಿಸಿದಳು. ಆ ಕಡೆಯ ಐಸು ಕರಗಿ ರಸ್ತೆಗೆ ಹರಿಯುತ್ತಿತ್ತು. ಎಂಬತ್ತು ಅರವತ್ತಾಯಿತು, ಆಮೇಲೆ ನಲವತ್ತು. ಸಂಜೆಯ ಹೊತ್ತಿಗೆ ಡಬಲ್ ಸರ್ ತಾನೇ ಬೀದಿಗಿಳಿದು ಕೂಗುತ್ತಿದ್ದ. ಅವನ ಮೀನು ಇಂದೇ ಹೋಗಬೇಕು, ಇಲ್ಲದಿದ್ದರೆ ಗುಂಡಿಗೆ ಹೋಗಬೇಕು. ರೈಟಮ್ಮ ತನ್ನ ಡ್ರಮ್ಮನ್ನು ತಳ್ಳಿಕೊಂಡು ಮನೆಗೆ ಹೋದಳು. ಮೀನುಗಳು ತೊಟ್ಟಿಗಿಳಿದು ಈಜತೊಡಗಿದವು.

"ಅವನದು ಸತ್ತಿದೆ, ನಮ್ಮದು ಸತ್ತಿಲ್ಲ," ಅಂದಳು ಗಂಡನಿಗೆ. "ನಾಳೆ ಮತ್ತೆ ಹೋಗೋಣ."

ಮಾರನೆಯ ದಿನವೂ ಅದೇ ಕಥೆ. ಆದರೆ ಅಗ್ಗದ ಮೀನು ಒಯ್ದವರಲ್ಲಿ ಕೆಲವರು ಮಣ್ಣಿನ ರುಚಿಗೆ ಮನೆಯಲ್ಲಿ ಬೈಸಿಕೊಂಡು ಬಂದಿದ್ದರು. ಅವರು ನೇರವಾಗಿ ಡ್ರಮ್ಮಿನ ಕಡೆ ನಡೆದರು. ಉಳಿದವರು ಹಲಗೆಯ ಎದುರು ನಿಂತು, ಕಿಲೋಗೆ ಇಷ್ಟೆಲ್ಲ ಖರ್ಚಿದ್ದರೆ ಆ ವ್ಯಾನಿನವನು ಎಂಬತ್ತಕ್ಕೆ ಹೇಗೆ ಕೊಡುತ್ತಾನೆ, ಯಾರ ತಲೆ ಮೇಲೆ ಕೈಯಿಟ್ಟು ಕೊಡುತ್ತಾನೆ ಎಂದು ಲೆಕ್ಕ ಹಾಕತೊಡಗಿದರು. ಕ್ಯಾಂಟೀನಿನ ಖಾಯಂ ಟೇಬಲ್ಲಿಗೆ ಅಂದು ಯಾರೂ ಚಹಾ ಕುಡಿಯಲು ಹೋಗಲಿಲ್ಲ. ಡ್ರೈವರು ಮುಂಗಡ ಕೊಡಲಿಲ್ಲ.

ಅದರ ಮರುದಿನ ವ್ಯಾನಿನಲ್ಲಿ ಐಸಿನ ಪೆಟ್ಟಿಗೆ ಇರಲಿಲ್ಲ. ಡಬಲ್ ಸರ್ ಬರಿಗೈಯಲ್ಲಿ ಇಳಿದು, ಡ್ರಮ್ಮಿನ ಪಕ್ಕ ಬಂದು ನಿಂತು, ದನಿ ತಗ್ಗಿಸಿದ.

"ನೂರ ನಲವತ್ತು ಕೊಡ್ತೀನಮ್ಮ. ಮೊದಲು ಹೇಳಿದ್ದೇ ರೇಟು. ಮೂರೂ ಟ್ಯಾಂಕಿನ ಅಷ್ಟೂ ಮೀನಿಗೆ, ಈಗಲೇ, ಕ್ಯಾಶು. ಟ್ಯಾಂಕಿಗೂ ಹೊಸದರ ಬೆಲೆ ಕೊಡ್ತೀನಿ. ನೀವು ಈ ಗೇಟು ಬಿಟ್ಬಿಡಿ. ಆ ಹಲಗೆ ಒಳಗಿಡಿ. ಇಷ್ಟೇ."

ಪೇಂಟರು ಹೆಂಡತಿಯ ಮೊಣಕೈ ಹಿಡಿದ.  ಇಷ್ಟು ದಿನ ಕಾದದ್ದು ಇದೇ ಬೆಲೆಗಲ್ಲವೇ. ಕೂಲಿ ಬಿಟ್ಟರೆ ಹಾಕಿದ್ದೆಲ್ಲ ವಾಪಸ್ ಬರುತ್ತಿತ್ತು, ಮೇಲೆ ಒಂದಿಷ್ಟು ಉಳಿಯುತ್ತಲೂ ಇತ್ತು. ಟ್ಯಾಂಕಿನ ದುಡ್ಡು ಬೇರೆ. ನಾಳೆಯಿಂದ ಮೊಣಕಾಲು ಚಾಚಿಕೊಂಡು ಮಲಗಬಹುದಿತ್ತು. ದಿನಕ್ಕೆ ಇಷ್ಟಿಷ್ಟೇ ಮಾರುತ್ತ ಹೋದರೆ ಮೂರು ಟ್ಯಾಂಕು ಖಾಲಿಯಾಗುವುದು ಎಂದೋ, ಕರೆಂಟು ಎಂದು ಕೈಕೊಡುವುದೋ, ಯಾರಿಗೆ ಗೊತ್ತು. ರೈಟಮ್ಮನಿಗೆ ಆಸೆಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವಳು ಸಾಲಿನ ಕಡೆ ನೋಡಿದಳು. ಡ್ರೈವರು ಚೀಲ ಹಿಡಿದು ನಿಂತಿದ್ದ, ಅವನ ಹಿಂದೆ ಇಬ್ಬರು ಮೆಕ್ಯಾನಿಕ್ಕುಗಳು, ಅವರ ಹಿಂದೆ ಕ್ಯಾಂಟೀನಿನ ಪಾತ್ರೆ ತೊಳೆಯುವ ಹೆಂಗಸು. ಈ ಟ್ಯಾಂಕು ವ್ಯಾನು ಹತ್ತಿದರೆ ನೀಲಿ ಪಟ್ಟಿ ಹೊಡೆಸಿಕೊಂಡು ಇವರಲ್ಲೊಬ್ಬರ ಮನೆಯ ಹಿಂದೆಯೇ ಇಳಿಯುವುದು. ದರ್ಜಿಯ ಹೊಲಿಗೆಯ ಮೇಲೆ ಇನ್ನೊಂದು ತೇಪೆ ಕೂರುವುದು.

ಅವಳು ಗಂಡನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಡಬಲ್ ಸರ್ ಪಿಸುಮಾತಿನಲ್ಲಿ ಕೇಳಿದ್ದಕ್ಕೆ ಉತ್ತರವನ್ನು ಅವಳು ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಕೇಳಿಸುವ ದನಿಯಲ್ಲಿ ಕೊಟ್ಟಳು.

"ಟ್ಯಾಂಕು ಮಾರೋದಿಲ್ಲ ಸರ್. ಮೀನು ಬೇಕಾದ್ರೆ ಕಿಲೋಗೆ ನೂರ ಅರವತ್ತು, ಹಲಗೇಲಿ ಬರ್ದಿದೆ. ಪಾತ್ರೆ ತೊಳೆಯೋ ಅಕ್ಕನ ಹಿಂದೆ ಹೋಗಿ ಸಾಲಲ್ಲಿ ನಿಂತ್ಕೊಳ್ಳಿ. ಸರಿಯಾಗಿ ಚಿಲ್ಲರೆ ಇಟ್ಕೊಂಡು ಬನ್ನಿ, ನನ್ನ ಹತ್ರ ಇಲ್ಲ."